ಪ್ರತ್ಯೇಕ ಸರಿ, ಸಮಾನ ಎಲ್ಲಿ?

ವರ್ಣಭೇದದ ಕಾನೂನುಗಳ ಪಾಠ ಬಂದಾಗಲೆಲ್ಲ ವಿದ್ಯಾರ್ಥಿಗಳು ಕೇಳುವುದು ಒಂದೇ: ‘ಸರ್, ಅಮೆರಿಕ, ಜರ್ಮನಿ, ದಕ್ಷಿಣ ಆಫ್ರಿಕಾ, ಮೂರರಲ್ಲಿ ಯಾವುದು ಜಾಸ್ತಿ ಕ್ರೂರ?’ ಕ್ರೌರ್ಯವನ್ನು ತಕ್ಕಡಿಗೆ ಹಾಕಲು ನನಗೆ ಬರುವುದಿಲ್ಲ. ಲಾಯರ್ ಬುದ್ಧಿ, ನಾನು ಹುಡುಕುವುದೇ ಬೇರೆ. ಆ ಕಾನೂನನ್ನೇ ಹಿಡಿದು ಅದರ ಮೇಲೆ ಜಗಳ ಆಡಲು ಒಂದು ಪದವಾದರೂ ಸಿಗುತ್ತಾ?

ಅಮೆರಿಕದಲ್ಲಿ ಸಿಕ್ಕಿತು. ಕಪ್ಪು ಜನರಿಗೆ ಬೇರೆ ರೈಲು ಬೋಗಿ ಇಡಬಹುದು, ಸಮಾನವಾಗಿದ್ದರೆ ಸಾಕು ಎಂಬ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟ್ 1896ರ ಪ್ಲೆಸಿ ಪ್ರಕರಣದಲ್ಲಿ ಒಪ್ಪಿಕೊಂಡಿತು. ‘ಸಮಾನ’ ಎಂಬುದು ಹಸಿ ಸುಳ್ಳು. ಆದರೆ ಬರೆದಿಟ್ಟ ಸುಳ್ಳು ಕೋರ್ಟಿನಲ್ಲಿ ಕೆಲಸಕ್ಕೆ ಬರುತ್ತದೆ. 1946ರಲ್ಲಿ ಹೀಮನ್ ಸ್ವೆಟ್ ಎಂಬವರು ಟೆಕ್ಸಾಸ್ ವಿಶ್ವವಿದ್ಯಾಲಯದ ಕಾನೂನು ಕಾಲೇಜಿಗೆ ಅರ್ಜಿ ಹಾಕಿದರು. ಕಪ್ಪು ಬಣ್ಣದವರು ಅಂತ ಸೀಟು ಕೊಡಲಿಲ್ಲ. ಕೇಸು ಬಿದ್ದ ಮೇಲೆ ಸರ್ಕಾರ ತರಾತುರಿಯಲ್ಲಿ ಕಪ್ಪು ಜನರಿಗೇ ಒಂದು ಕಾಲೇಜು ತೆರೆಯಿತು. ಸುಪ್ರೀಂ ಕೋರ್ಟ್ ಲೆಕ್ಕ ಹಾಕಲು ಕೂತಿತು. ಅಲ್ಲಿ 65,000 ಪುಸ್ತಕ, ಇಲ್ಲಿ 16,500. ಅಲ್ಲಿ 850 ವಿದ್ಯಾರ್ಥಿಗಳು, ಇಲ್ಲಿ 23. ನನಗೆ ತುಂಬಾ ಇಷ್ಟವಾಗುವುದು ಆಮೇಲಿನ ಮಾತು. ರಾಜ್ಯದ ಶೇ 85 ಜನ ಕಾಲಿಡದ ಕಾಲೇಜಿದು. ನಾಳೆ ಎದುರಾಗುವ ವಕೀಲರು, ಸಾಕ್ಷಿಗಳು, ಜಡ್ಜ್‌ಗಳು ಹೆಚ್ಚಾಗಿ ಆ ಜನರೇ. ಅವರಿಂದ ದೂರ ಕೂತು ವಕೀಲಿಕೆ ಕಲಿಯುವುದು ಹೇಗೆ? 1950ರಲ್ಲಿ ಸ್ವೆಟ್ ಗೆದ್ದರು. ನಾಲ್ಕೇ ವರ್ಷಕ್ಕೆ ಬ್ರೌನ್ ಪ್ರಕರಣ ಬಂತು. ಶಾಲೆಗಳಲ್ಲಿ ಪ್ರತ್ಯೇಕ ಎಂದರೇ ಅಸಮಾನ ಎಂದು ಒಂಬತ್ತೂ ಜಡ್ಜ್‌ಗಳು ಹೇಳಿದರು.

ಜರ್ಮನಿಯಲ್ಲಿ ಅಂಥ ಪದವೇ ಇರಲಿಲ್ಲ. 1935ರ ನ್ಯೂರೆಂಬರ್ಗ್ ಕಾನೂನುಗಳು ಯೆಹೂದಿಗಳ ಪೌರ ಹಕ್ಕನ್ನೇ ಕಿತ್ತುಕೊಂಡವು. ಇಬ್ಬರು ಅಜ್ಜ, ಇಬ್ಬರು ಅಜ್ಜಿಯರಲ್ಲಿ ಮೂವರು ಯೆಹೂದಿಗಳಾಗಿದ್ದರೆ ನೀನೂ ಯೆಹೂದಿ. ಆ ಅಜ್ಜಿ ಯೆಹೂದಿ ಅಂತ ಗೊತ್ತಾಗುವುದು ಹೇಗೆ? ಯೆಹೂದಿ ಧಾರ್ಮಿಕ ಸಮುದಾಯಕ್ಕೆ ಸೇರಿದ್ದರೆ ಸಾಕಿತ್ತು! ರಕ್ತದ ಬಗ್ಗೆ ಅಷ್ಟೊಂದು ಡಂಗುರ ಹೊಡೆದವರು ಕೊನೆಗೆ ನೋಡಿದ್ದು ಧರ್ಮವನ್ನು.

ದಕ್ಷಿಣ ಆಫ್ರಿಕಾದ ಸರ್ಕಾರ ಮಾತ್ರ ‘ಸಮಾನ’ ಎಂಬ ಪದದ ಅಪಾಯವನ್ನು ಸರಿಯಾಗಿ ಅರ್ಥಮಾಡಿಕೊಂಡಿತು. ಕೇಪ್‌ಟೌನ್ ರೈಲ್ವೆ ಸ್ಟೇಷನ್ನಿನಲ್ಲಿ ಬಿಳಿಯರ ವೇಟಿಂಗ್ ರೂಮಿಗೆ ಹೋದ ಕಪ್ಪು ವ್ಯಕ್ತಿಯೊಬ್ಬನ ಮೇಲೆ ಕೇಸು ಹಾಕಿದ್ದರು. ಸೌಲಭ್ಯ ಸಮಾನವಾಗಿಲ್ಲ ಎಂದು 1953ರಲ್ಲಿ ಮೇಲ್ಮನವಿ ಕೋರ್ಟ್ ಆತನ ಪರ ನಿಂತಿತು. ಅದೇ ವರ್ಷ ಸಂಸತ್ತು ಹೊಸ ಕಾಯ್ದೆ ತಂದಿತು. ಪ್ರತ್ಯೇಕ ಸೌಲಭ್ಯಗಳು ಸಮಾನ ಇರಬೇಕಿಲ್ಲ, ಆ ಕಾರಣಕ್ಕೆ ಅವು ಅಸಿಂಧುವಾಗುವುದಿಲ್ಲ ಎಂದು ಅದರಲ್ಲೇ ಬರೆದಿಟ್ಟಿತು. ವಕೀಲರ ಕೈಗೆ ಹಿಡಿಯಲು ಏನೂ ಉಳಿಯಲಿಲ್ಲ. ಆ ಕಾಯ್ದೆ ರದ್ದಾಗಲು 1990 ಬರಬೇಕಾಯಿತು. ರದ್ದು ಮಾಡಿದ್ದೂ ಕೋರ್ಟಲ್ಲ, ಸಂಸತ್ತೇ.