ಅಕಿ ಹಣೇಬಾರ ಅಲ್ಲ: ಹಾವು-ಏಣಿ ಪಟದಲ್ಲಿ ಮಕ್ಕಳ ಹಕ್ಕು

ಬಾಗಲಕೋಟೆ, ವಿಜಯಪುರದ ಶಾಲೆಗಳಲ್ಲಿ ಮಕ್ಕಳ ಹಕ್ಕುಗಳನ್ನು ಆಟದಿಂದ ಕಲಿಸಹೊರಟವರಿಗೆ ಮೊದಲು ಹೊಳೆಯುವುದು ಹಾವು-ಏಣಿ. ‘ಶಾಲೆಗೆ ಸೇರಿದಳು’ ಎಂಬ ಮನೆಯಲ್ಲಿ ಏಣಿ, ‘ಬಾಲ್ಯವಿವಾಹ’ ಎಂಬಲ್ಲಿ ಹಾವು. ನೋಡಲು ಚೆಂದ. ಆದರೆ ಆ ಪಟ ಹುಟ್ಟಿದ್ದೇ ಬೇರೆ ಪಾಠಕ್ಕೆ.

ದಕ್ಷಿಣದಲ್ಲಿ ಪರಮಪದ ಸೋಪಾನ ಪಟ, ಮರಾಠಿ ಸೀಮೆಯಲ್ಲಿ ಮೋಕ್ಷಪಟ. ಪುಣ್ಯ ಏಣಿ, ಪಾಪ ಹಾವು, ತುದಿಯಲ್ಲಿ ಮೋಕ್ಷ. 19ನೇ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಅಚ್ಚಾದ ಪಟ ಮೆಲ್ಲಗೆ ಪಾಪಪುಣ್ಯ ಕಳಚಿಕೊಂಡು ಬರೀ ಅದೃಷ್ಟದಾಟವಾಯಿತು. ಕರ್ಮವೋ ಅದೃಷ್ಟವೋ, ಹಾವಿನ ಬಾಯಿಗೆ ಬಿದ್ದವರು ಕೇಳುವ ಹಾಗಿಲ್ಲ. ಬಾಲ್ಯವಿವಾಹದ ಹಾವು ನುಂಗಿದ ಕಾಯಿ ಕೆಳಗಿಳಿದಾಗ ‘ಅಕಿ ಹಣೇಬಾರ ಬಿಡ್ರಿ’ ಎಂಬ ಮಾತು ಸಲೀಸಾಗಿ ಬರುವುದು ಅದಕ್ಕೇ. ಅಳಿಸಬೇಕಾದ ಪಾಠವನ್ನೇ ಆಟ ತಿದ್ದಿ ಬರೆಸಿತು.

ಹಕ್ಕಿನ ಇತಿಹಾಸವೂ ಹೀಗೇ ತಡವಾಗಿ ತಿರುಗಿತು. 1924ರ ಜಿನೀವಾ ಘೋಷಣೆಯಲ್ಲಿ ಮಕ್ಕಳು ದೊಡ್ಡವರು ಕೊಟ್ಟದ್ದನ್ನು ಪಡೆಯುವವರು, ಅಷ್ಟೇ. 1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಮಕ್ಕಳ ಅಭಿಪ್ರಾಯಕ್ಕೆ ಬೆಲೆ ಕೊಡಬೇಕೆಂದಿತು. 31ನೇ ವಿಧಿ ಆಟವನ್ನೇ ಹಕ್ಕು ಎಂದಿತು. 42ನೆಯದು ಇದನ್ನೆಲ್ಲ ಮಕ್ಕಳಿಗೂ ತಿಳಿಸುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸಿತು. ಭಾರತ ಒಪ್ಪಿ ಸೇರಿದ್ದು 1992ರ ಡಿಸೆಂಬರ್ 11ರಂದು. ಕರ್ನಾಟಕದಲ್ಲಿ 1995ರಲ್ಲಿ ಕುಂದಾಪುರದ ಕಡೆ ಮಕ್ಕಳ ಪಂಚಾಯಿತಿಗಳು ಹುಟ್ಟಿದವು, 2006ರಿಂದ ಮಕ್ಕಳ ಗ್ರಾಮಸಭೆ ಬಂತು. ಆಟದಲ್ಲಿ ಕಲಿತದ್ದನ್ನು ಒಯ್ದು ಕೇಳಲು ಒಂದು ಜಾಗ ಸಿಕ್ಕಿದ್ದು ಆಗಲೇ.

ಆದ್ದರಿಂದ ಪಟ ಬದಲಾಗಬೇಕು. 100 ಮನೆ ಬೇಡ, 40 ನಿಮಿಷದ ಪಿರಿಯಡ್‌ನಲ್ಲಿ ಮುಗಿಯುವುದಿಲ್ಲ. 36 ಮನೆ ಸಾಕು: ಒಂದೊಂದು ಒಂದೂವರೆ ಅಡಿ, ಒಟ್ಟು 9 ಅಡಿ ಉದ್ದ, 9 ಅಡಿ ಅಗಲ. ಫ್ಲೆಕ್ಸ್ ಫರಸಿಯ ಮೇಲೆ ಜಾರುತ್ತದೆ. ಸೀಮೆಸುಣ್ಣದಲ್ಲಿ ಗೆರೆ ಎಳೆದರೆ ಮನೆಗಳನ್ನು ಅಳಿಸಿ ಮತ್ತೆ ಬರೆಯಲೂಬಹುದು. ಐದೈದು ಮಕ್ಕಳ ಐದಾರು ಗುಂಪು, ಐದು ಹಾವು, ಮೂರು ಏಣಿ.

ದಾಳದ ಬದಲು ಒಂದು ಬದಿ ಉಜ್ಜಿ ಬಿಳಿ ಮಾಡಿದ ನಾಲ್ಕು ಹುಣಸೆಬೀಜ. ಬಿಳಿ ಎಷ್ಟೋ ಅಷ್ಟು ಮನೆ. ಚೌಕಾಬಾರದ ರೂಢಿಯಲ್ಲಿ ನಾಲ್ಕೂ ಕಪ್ಪು ಬಿದ್ದರೆ ಎಂಟು. ಇಷ್ಟು ಚಿಕ್ಕ ಪಟದಲ್ಲಿ ಅದು ಹಾವುಗಳನ್ನೇ ಹಾರಿಸಿಬಿಡುತ್ತದೆ. ಎಂಟನ್ನು ಕೈಬಿಟ್ಟು ಸೊನ್ನೆ ಎನ್ನಿ.

ಮುಖ್ಯ ತಿದ್ದುಪಡಿ ಹಾವಿನ ತಲೆಯಲ್ಲಿದೆ. ಅಲ್ಲಿಗೆ ಬಂದ ಕಾಯಿ ಕೂಡಲೇ ಇಳಿಯದು. ಗುಂಪಿಗೆ ಎರಡು ನಿಮಿಷ ಸಿಗುತ್ತದೆ: ಯಾರಿಗೆ ಹೇಳಬೇಕು, ಏನೆಂದು ಹೇಳಬೇಕು? ‘ಪೊಲೀಸರಿಗೆ’ ಎಂದರೆ ಸಾಲದು. ‘ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಊರು, ಮದುವೆಯ ದಿನ, ಹುಡುಗಿಯ ವಯಸ್ಸು ಹೇಳ್ತೀವಿ’ ಎಂದರೆ ಕಾಯಿ ಅಲ್ಲೇ ನಿಲ್ಲುತ್ತದೆ. ಹುಡುಗಿಗೆ 18, ಹುಡುಗನಿಗೆ 21 ಎಂಬುದು ಬಹುತೇಕ ಎಲ್ಲರಿಗೂ ಬಾಯಿಪಾಠ; ಫೋನಿನಲ್ಲಿ ಆಡಬೇಕಾದ ಮಾತು ಯಾರಿಗೂ ರೂಢಿಯಿಲ್ಲ. ಕಬ್ಬು ಕಡಿಯಲು ಹೊರಟ ಅಪ್ಪ-ಅವ್ವನ ಜತೆ ಶಾಲೆ ಬಿಟ್ಟು ಹೋಗುವ ಹುಡುಗನ ಹಾವಿನಲ್ಲಿ ಚರ್ಚೆ ಇನ್ನೂ ಬಿರುಸು, ಏಕೆಂದರೆ ಅಲ್ಲಿ ತಪ್ಪಿತಸ್ಥರು ಸುಲಭಕ್ಕೆ ಸಿಗುವುದಿಲ್ಲ.

ಕಾಯಿಗೆ ಹೆಸರಿಡಿ, ತರಗತಿಯ ಯಾರ ಹೆಸರೂ ಆಗದಿರಲಿ. ‘ನಿಮ್ಮನೆಯಾಗ ಹಿಂಗ ಆಗೇತೇನು?’ ಎಂದು ಎಲ್ಲರೆದುರು ಕೇಳಲೇಬೇಡಿ. ಆದರೂ ಲೈಂಗಿಕ ಕಿರುಕುಳದ ಮಾತು ಮಗುವಿನ ಬಾಯಿಂದ ಬಂದರೆ ಆಟ ಅಲ್ಲಿಗೇ ನಿಲ್ಲಬೇಕು. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ವರದಿ ಮಾಡುವುದು ಕಡ್ಡಾಯ, ಮುಚ್ಚಿಟ್ಟವರಿಗೆ ಶಿಕ್ಷೆಯುಂಟು.

ಬಹುಮಾನ ಇಟ್ಟಿರೋ, ಮಕ್ಕಳು ಚರ್ಚೆ ಬಿಟ್ಟು ಓಡುತ್ತಾರೆ. 36ನೇ ಮನೆಗೆ ಬಂದ ಗುಂಪು ಗ್ರಾಮಸಭೆಗೆ ಒಂದು ಪ್ರಶ್ನೆ ಬರೆದರೇ ಆಟ ಮುಗಿದಂತೆ. ಮಾಸ್ತರರು ಬರೆದುಕೊಟ್ಟ ಭಾಷಣ ಇಲ್ಲಿ ಲೆಕ್ಕಕ್ಕಿಲ್ಲ. 1992ರಲ್ಲಿ ಸಂಶೋಧಕ ರೋಜರ್ ಹಾರ್ಟ್ ಹಾಕಿದ ಎಂಟು ಮೆಟ್ಟಿಲ, ಮಕ್ಕಳ ಭಾಗವಹಿಸುವಿಕೆಯ ಏಣಿಯಲ್ಲಿ ಇಂಥದ್ದೆಲ್ಲ ಕೆಳಗಿನ ಮೂರು ಮೆಟ್ಟಿಲಲ್ಲೇ, ಅಂದರೆ ಮಕ್ಕಳ ನಿಜವಾದ ಪಾಲಿಲ್ಲದ ಕಡೆಯೇ ಉಳಿಯುತ್ತದೆ. ‘ಶೌಚಾಲಯಕ್ಕೆ ನೀರಿಲ್ಲ’ ಎಂದಷ್ಟೇ ಬರೆದರೆ ‘ನೋಡೋಣ’ ಎಂಬ ಉತ್ತರ ಬರುತ್ತದೆ. ಎಷ್ಟು ನಳ, ಎಷ್ಟು ದಿನದಿಂದ, ಎಷ್ಟು ಹುಡುಗಿಯರು ಎಂದು ಬರೆದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಉತ್ತರ ಹುಡುಕಲೇಬೇಕು. ಪ್ರಶ್ನೆ ನಡಾವಳಿ ಪುಸ್ತಕಕ್ಕೆ ಏರಿತೇ ಎಂದು ಮಕ್ಕಳೇ ನೋಡಿಕೊಂಡು ಬರಲಿ. ಮುಂದಿನ ವರ್ಷ ಪಟ ಬರೆಯುವಾಗ, ಉತ್ತರ ಸಿಗದ ಪ್ರಶ್ನೆಯೇ ಮೊದಲ ಹಾವು.