ಮಳೆಗಾಲದಲ್ಲಿ ಗೆಕ್ಕೊ ಮೊಟ್ಟೆಗೆ ನೀರು ಚಿಮುಕಿಸಬೇಡಿ

ಜುಲೈ ಮೊದಲ ವಾರ, ಜಡಿಮಳೆ. ಬದಿಯಡ್ಕ ಕಡೆಯ ಕಾಲೇಜು ಹುಡುಗನೊಬ್ಬ ಸ್ಟೀಲ್ ಡಬ್ಬಿ ಹಿಡಿದು ಕ್ಲಿನಿಕ್ಕಿಗೆ ಬಂದ. ಒಳಗೆ ಒದ್ದೆ ಹತ್ತಿ, ಅದರ ಮೇಲೆ ಲೆಪರ್ಡ್ ಗೆಕ್ಕೊದ, ಅಂದರೆ ಮನೆಯಲ್ಲಿ ಸಾಕುವ ಚುಕ್ಕೆ ಮೈಯ ಹಲ್ಲಿಯ, ಎರಡು ಮೊಟ್ಟೆ. "ಡಾಕ್ಟ್ರೇ, ದಿನಕ್ಕೆರಡು ಸಲ ನೀರು ಸ್ಪ್ರೇ ಮಾಡಿದ್ದೆ. ಆದ್ರೂ ಬೂಷ್ಟು ಹಿಡೀತು" ಅಂದ. ಮೊಟ್ಟೆ ಹಳದಿಯಾಗಿತ್ತು, ಬೆರಳಿಟ್ಟರೆ ಕುಸಿಯುತ್ತಿತ್ತು. ಉಳಿಸಲು ಏನೂ ಇರಲಿಲ್ಲ.

ತಪ್ಪು ಅವನದ್ದಲ್ಲ. ಅವನು ನೋಡಿದ್ದ ವಿಡಿಯೊಗಳೆಲ್ಲ ಒಣ ಹವೆಯ ಊರಿನವು. ಈ ಗೆಕ್ಕೊ ಅಫ್ಘಾನಿಸ್ತಾನ, ಪಾಕಿಸ್ತಾನ, ವಾಯವ್ಯ ಭಾರತದ ಕಲ್ಲುನೆಲದ್ದು. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಇಲ್ಲಿ ತೇವಕ್ಕೆ ಬರವಿಲ್ಲ. ನಾವು ಕಾಯಬೇಕಾದದ್ದು ಶಾಖವನ್ನು.

ನಮ್ಮ ಮನೆ ಹಲ್ಲಿ ಫೋಟೊದ ಹಿಂದೆ ಇಡುವ ಮೊಟ್ಟೆಯ ಸಿಪ್ಪೆ ಗಟ್ಟಿ, ಅದಕ್ಕೆ ಯಾರ ಆರೈಕೆಯೂ ಬೇಡ. ಲೆಪರ್ಡ್ ಗೆಕ್ಕೊದ ಸಿಪ್ಪೆ ತೊಗಲಿನ ಹಾಗೆ ಮೆತ್ತಗೆ. ಸುತ್ತಲಿನ ತೇವವನ್ನು ಹೀರುತ್ತದೆ. ನೀರು ಜಾಸ್ತಿಯಾದರೆ ಒಳಗಿನ ಮರಿ ಉಸಿರುಕಟ್ಟಿ ಸಾಯುತ್ತದೆ. ಮೊಟ್ಟೆ ಇಡಲು ನರ್ಸರಿಯಲ್ಲಿ ಸಿಗುವ ವರ್ಮಿಕ್ಯುಲೈಟ್ (ತೇವ ಹಿಡಿದಿಡುವ ಹಗುರ ಖನಿಜದ ಚೂರು) ಬಳಸಿ, 100 ಗ್ರಾಂಗೆ 80 ಗ್ರಾಂ ನೀರು ಸಾಕು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ತೊಟ್ಟಿಕ್ಕಬಾರದು. ಮೊಟ್ಟೆಯನ್ನು ಅರ್ಧ ಹೂತಿಡಿ. ಮೇಲೆ ಗುಳಿ ಬಿದ್ದರೆ ಮಾತ್ರ, ಬದಿಯಲ್ಲಿ ನಾಲ್ಕು ಹನಿ ಉಗುರುಬೆಚ್ಚಗಿನ ನೀರು ಬಿಡಿ. ಮೊಟ್ಟೆಯ ಮೇಲೆ ಬೇಡವೇ ಬೇಡ.

ಇಟ್ಟ ದಿನವೇ ತೆಗೆಯಿರಿ. ಮೇಲ್ಭಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಒಂದು ದಿನ ಕಳೆದರೆ ಭ್ರೂಣ ಒಳಗೋಡೆಗೆ ಅಂಟುತ್ತದೆ, ಆಮೇಲೆ ಮಗುಚಿದರೆ ಅದು ಉಳಿಯುವುದು ಕಷ್ಟ. ಕೋಳಿಮೊಟ್ಟೆ ಹೊರಳಿಸಿ ಅಭ್ಯಾಸ ಇರುವವರು ಇಲ್ಲೇ ಎಡವುತ್ತಾರೆ. ವಾರ ಕಳೆದ ಮೇಲೆ, ಕತ್ತಲೆ ಕೋಣೆಯಲ್ಲಿ, ಮೊಟ್ಟೆಯನ್ನು ಅಲುಗಿಸದೆ ಬದಿಯಿಂದ ಸಣ್ಣ ಟಾರ್ಚ್ ಹಿಡಿಯಿರಿ. ನಸುಗೆಂಪು ಬೆಳಕಿನಲ್ಲಿ ಕೂದಲೆಳೆಯಂಥ ರಕ್ತನಾಳ ಕಂಡರೆ ಜೀವ ಇದೆ. ನೂರು ಸಲ ನೋಡಿದ್ದರೂ ಆ ಎಳೆ ಕಂಡಾಗ ನನಗೆ ಈಗಲೂ ಖುಷಿಯಾಗುತ್ತದೆ.

ಶಾಖದ ವಿಷಯ. ಈ ಜಾತಿಯಲ್ಲಿ ಮರಿ ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದೂ ಅದೇ. 26 ಡಿಗ್ರಿಯಲ್ಲಿ ಬಹುಪಾಲು ಹೆಣ್ಣು, 32ರ ಆಸುಪಾಸಿನಲ್ಲಿ ಬಹುಪಾಲು ಗಂಡು. 34 ದಾಟಿದರೆ ಮತ್ತೆ ಹೆಣ್ಣು ಜಾಸ್ತಿ, ಆದರೆ ಅಷ್ಟು ಬಿಸಿಯಲ್ಲಿ ಮೊಟ್ಟೆಯೇ ಕೆಡಬಹುದು. ದೊಡ್ಡ ಗಂಡುಗಳು ಒಂದೇ ಗೂಡಿನಲ್ಲಿದ್ದರೆ ಕಚ್ಚಾಡುತ್ತವೆ. ಅದಕ್ಕೇ ನಾನು 27-28ರಲ್ಲಿ ಇಡಲು ಹೇಳುತ್ತೇನೆ.

ಕಾವುಪೆಟ್ಟಿಗೆಗೆ ಸಾವಿರಗಟ್ಟಲೆ ಸುರಿಯಬೇಕಿಲ್ಲ. ಮೀನು ಮಾರ್ಕೆಟಿನ ತರ್ಮಕೋಲ್ ಪೆಟ್ಟಿಗೆಯನ್ನು ಚೆನ್ನಾಗಿ ತೊಳೆದು ಒಣಗಿಸಿ. ಮೂರಿಂಚು ನೀರು ಹಾಕಿ, ಅಕ್ವೇರಿಯಂ ಹೀಟರ್ ಮುಳುಗಿಸಿ, ಇಟ್ಟಿಗೆ ಇಟ್ಟು ಅದರ ಮೇಲೆ ಮೊಟ್ಟೆ ಡಬ್ಬಿ ಇಡಿ. ಡಬ್ಬಿಯೊಳಗೊಂದು ಥರ್ಮಾಮೀಟರ್ ಇರಲಿ. ಪೆಟ್ಟಿಗೆಯ ಮುಚ್ಚಳ ಓರೆಯಾಗಿರಲಿ, ಆಗ ಬೆವರಿದ ನೀರು ಬದಿಗೆ ಇಳಿಯುತ್ತದೆ. ಗಾಳಿಮಳೆಗೆ ಕರೆಂಟ್ ಹೋದರೂ ನೀರು ಕೂಡಲೇ ತಣಿಯುವುದಿಲ್ಲ. ಏಪ್ರಿಲಿನ ಕಥೆ ಬೇರೆ. ಹೀಟರ್ ಬಿಸಿ ಮಾಡುತ್ತದೆಯೇ ಹೊರತು ತಂಪು ಮಾಡುವುದಿಲ್ಲ. ಒಂದು ಬೇಸಿಗೆ ತಾರಸಿ ಕೋಣೆಯಲ್ಲಿಟ್ಟು ನಾನೇ ನಾಲ್ಕು ಮೊಟ್ಟೆ ಕಳೆದುಕೊಂಡಿದ್ದೇನೆ. ಈಗ ಹಂಚಿನ ಮನೆಯ ನಡುಕೋಣೆ, ನೆಲದ ಮೇಲೆ.

ತಾಯಿಯನ್ನು ಮರೆಯಬೇಡಿ. ಒಂದು ವರ್ಷ ತುಂಬದ, ಇಲ್ಲವೇ 45-50 ಗ್ರಾಂ ತೂಗದ ಹೆಣ್ಣನ್ನು ಗಂಡಿನ ಜೊತೆ ಬಿಡಬಾರದು. ಒಮ್ಮೆ ಕೂಡಿದರೆ ಎರಡು ಮೂರು ವಾರಕ್ಕೊಮ್ಮೆ ಎರಡೆರಡು ಮೊಟ್ಟೆ ಇಡುತ್ತಾ ಹೋಗುತ್ತದೆ. ಆ ಸುಣ್ಣವೆಲ್ಲ ಅದರ ಮೈಯಿಂದಲೇ ಹೋಗಬೇಕಲ್ವಾ? ಗೂಡಿನಲ್ಲಿ ಕ್ಯಾಲ್ಸಿಯಂ ಪುಡಿ ಸದಾ ಇರಲಿ. ಬಾಲ ಸೊರಗಿದರೆ ಆ ವರ್ಷಕ್ಕೆ ಅಷ್ಟೇ ಸಾಕು, ಗಂಡನ್ನು ಬೇರೆ ಮಾಡಿ. ಕಾಡಿನಿಂದಂತೂ ಯಾವ ಹಲ್ಲಿಯನ್ನೂ ಹಿಡಿದು ತರಬೇಡಿ. ಕೊಳ್ಳುವುದಾದರೂ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಆ ಹುಡುಗನ ಗೆಕ್ಕೊ ಮೂರು ವಾರದ ನಂತರ ಮತ್ತೆ ಎರಡು ಇಟ್ಟಿತು. ಈ ಸಲ ತರ್ಮಕೋಲ್ ಪೆಟ್ಟಿಗೆ. 54ನೇ ದಿನ ರಾತ್ರಿ ಫೋನ್ ಬಂತು. "ಡಾಕ್ಟ್ರೇ, ಒಂದು ಮೊಟ್ಟೆ ಬೆವರ್‍ತಾ ಇದೆ, ಒಳಗೆ ಕುಸಿದಿದೆ, ಹೋಯ್ತಾ?" ಮುಟ್ಟಬೇಡ, ಮರಿ ಹೊರಡುತ್ತಿದೆ ಅಂದೆ. ಬೆಳಿಗ್ಗೆ ಸಿಪ್ಪೆ ಸೀಳಿ ಮೂಗು ಹೊರಗಿತ್ತು. ಇನ್ನೊಂದು ಎರಡು ದಿನ ತಡವಾಗಿ ಒಡೆಯಿತು. ಮರಿಗಳು ಮೊದಲ ಪೊರೆ ಬಿಟ್ಟ ಮೇಲೆ, ನಾಲ್ಕನೇ ದಿನಕ್ಕೆ, ಚಿಕ್ಕ ಜೀರುಂಡೆ ತಿಂದವು.