ಸ್ಟಫಾಜ್ ಅಂದರೆ ಸ್ಟಾಫ್ ಅಲ್ಲ

ಹಳೆಯ ಆಸ್ಪತ್ರೆ, ಬ್ಯಾಂಕು, ಕಾಲೇಜುಗಳ ಜಲವರ್ಣ ಚಿತ್ರಗಳ ವಿವರಣೆಯಲ್ಲಿ ‘ಸ್ಟಫಾಜ್’ (ಚಿತ್ರ ತುಂಬಲು ಬರೆದ ಜನ, ಪ್ರಾಣಿ, ಗಾಡಿ) ಅಂತ ಕಂಡರೆ ಸಾಕು, ‘ಸಂಸ್ಥೆಯ ಸಿಬ್ಬಂದಿ’ ಎಂದು ಓದಿಕೊಳ್ಳುವವರು ಜಾಸ್ತಿಯಾಗಿದ್ದಾರೆ. ಅಂಗಳದಲ್ಲಿ ಸುಮ್ನೆ ನಿಂತವರೆಲ್ಲ ಗುಮಾಸ್ತರೋ ಮೇಷ್ಟ್ರೋ ಆಗಿಬಿಡುತ್ತಾರೆ. ಇದು ನಿಲ್ಲಬೇಕು.

‘ಸ್ಟಾಫ್’ ಮೂಲದಲ್ಲಿ ಕೋಲು. ಅದು ಸೇನಾಧಿಕಾರಿಗಳ ಬಳಗಕ್ಕೆ ಹೆಸರಾಯಿತು, ಆಮೇಲೆ ಕಚೇರಿಗೂ ಬಂತು. ಸ್ಟಫಾಜ್ ಬೇರೆಯೇ ಪದ, ಜರ್ಮನ್ನಿನದು. ಅಲ್ಲಿ ‘ಷ್ಟಫೀರೆನ್’ ಅಂದರೆ ಸಜ್ಜುಗೊಳಿಸು, ಸಿಂಗರಿಸು. ಇದರ ಬೇರು ಹಳೆಯ ಫ್ರೆಂಚಿನಲ್ಲಿದೆ. ಇಂಗ್ಲಿಷಿನ ‘ಸ್ಟಫ್’ ಕೂಡ ಅದೇ ಬೇರಿನದು. ನಂಟು ಹುಡುಕಲೇಬೇಕು ಅಂದರೆ ‘ಸ್ಟಫ್’ ಜೊತೆ ಹುಡುಕಿ. ಕೊನೆಯ ‘ಆಜ್’ ನೋಡಿ ಇಡೀ ಪದವೇ ಫ್ರೆಂಚ್ ಅನ್ನುವವರೂ ಇದ್ದಾರೆ. ಬಾಲ ಮಾತ್ರ ಫ್ರೆಂಚ್, ಪದ ಕಟ್ಟಿದವರು ಜರ್ಮನ್ನರು.

ಕಟ್ಟಡವೋ ಭೂದೃಶ್ಯವೋ ಮುಖ್ಯವಾದ ಚಿತ್ರದಲ್ಲಿ ತುಂಬುವ ಜನ, ದನ, ನಾಯಿ, ಗಾಡಿ ಎಲ್ಲವೂ ಸ್ಟಫಾಜ್. ಅದರ ಒಂದು ಮುಖ್ಯ ಕೆಲಸ ಅಳತೆ ತೋರಿಸುವುದು. ಕಂಬದ ಬುಡದಲ್ಲಿ ಒಬ್ಬ ಮನುಷ್ಯ ನಿಲ್ಲದಿದ್ದರೆ ಕಂಬ ಹತ್ತಡಿಯೋ ನಲವತ್ತಡಿಯೋ ಹೇಳೋದು ಹೇಗೆ? ಕಲಾವಿದ ಈ ಮನುಷ್ಯನನ್ನು ಕೊಂಚ ಕುಳ್ಳಗೆ ಬರೆದರೆ ಸಾಧಾರಣ ಹಜಾರವೂ ಅರಮನೆಯಾಗುತ್ತದೆ. ಹಾಗಾಗಿ ಚಿತ್ರದಲ್ಲಿ ತಲೆ ಎಣಿಸಿ ‘ಅಂದು ಇಷ್ಟು ಜನ ಇದ್ದರು’ ಅನ್ನೋದು ಪುರಾವೆಯೇ ಅಲ್ಲ.

ಕಟ್ಟಡ ಒಬ್ಬರದು, ಜನ ಇನ್ನೊಬ್ಬರದು ಆಗಿರುವುದೂ ಉಂಟು. 1808ರಿಂದ 1810ರವರೆಗೆ ಲಂಡನ್ನಿನಲ್ಲಿ ಆಕರ್‌ಮನ್ ಪ್ರಕಟಿಸಿದ ‘ಮೈಕ್ರೋಕಾಸ್ಮ್ ಆಫ್ ಲಂಡನ್’ ಪುಸ್ತಕ ನೋಡಿ. ಅದರಲ್ಲಿ 104 ಬಣ್ಣದ ಮುದ್ರಿತ ಚಿತ್ರಗಳಿವೆ. ಅವುಗಳಲ್ಲಿ ಕಮಾನು, ಕಂಬ, ಕಿಟಕಿ ಬರೆದವರು ಆಗಸ್ಟಸ್ ಚಾರ್ಲ್ಸ್ ಪ್ಯುಜಿನ್. ಜನರನ್ನು ಬರೆದವರು ಥಾಮಸ್ ರೋಲಂಡ್‌ಸನ್. ಪ್ಯುಜಿನ್ನರ ಗೆರೆ ಅಳೆದು ಎಳೆದದ್ದು. ರೋಲಂಡ್‌ಸನ್ನರದು ಬಳುಕುವ ಗೆರೆ: ಉಬ್ಬಿದ ಹೊಟ್ಟೆ, ಬಾಗಿದ ಬೆನ್ನು, ಪಿಸುಗುಟ್ಟುವ ಜೋಡಿ. ಎರಡು ಕೈ ಕೆಲಸ ಮಾಡಿದ್ದು ಕಣ್ಣಿಗೇ ಗೊತ್ತಾಗುತ್ತದೆ.

ಆದರೆ ಅಲ್ಲಿನ ಜನರನ್ನೆಲ್ಲ ಸ್ಟಫಾಜ್ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅದರಲ್ಲೇ ಸೇಂಟ್ ಲ್ಯೂಕ್ಸ್ ಎಂಬ ಮಾನಸಿಕ ಆಸ್ಪತ್ರೆಯ ಚಿತ್ರವಿದೆ. ಎತ್ತರದ ಹಜಾರದಲ್ಲಿ ರೋಗಿ ಹೆಂಗಸರು ಕೈಬೀಸುತ್ತಾ ಚದುರಿದ್ದಾರೆ. ಅವರನ್ನು ಅಳಿಸಿದರೆ ಉಳಿಯುವುದು ಯಾವುದೋ ಒಂದು ಖಾಲಿ ಹಜಾರ, ಆಸ್ಪತ್ರೆಯಲ್ಲ. ಅಲ್ಲಿ ಅವರೇ ಚಿತ್ರದ ವಿಷಯ.